ಬೆನ್ನು ಕಾಯುವವನು ಗುರುವಾದ ಬಗೆ

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರು ಅದರ ಏಳು ಸುತ್ತಿನ ಗೋಡೆಗಳನ್ನೂ ಬತೇರಿಗಳನ್ನೂ ಕಂಡು ಬೆರಗಾಗುವುದು ಸಹಜ. ಆದರೆ ಅವರು ಹೆಚ್ಚು ಹೊತ್ತು ನಿಲ್ಲುವುದು ಆ ಎತ್ತರದ ಗೋಡೆಗಳ ಮುಂದೆ ಅಲ್ಲ. ಒನಕೆ ಹಿಡಿದ ಓಬವ್ವ ಹೈದರಾಲಿಯ ಸೈನಿಕರನ್ನು ತಡೆದಳೆಂದು ಜನ ಇಂದಿಗೂ ತೋರಿಸುವ ಕಿರಿದಾದ ಕಿಂಡಿಯ ಮುಂದೆ. ಕೋಟೆ 1779ರಲ್ಲಿ ಹೈದರನ ವಶವಾಯಿತು. ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಆದರೂ ಕಿಂಡಿ ಕಾಯ್ದವಳ ಹೆಸರು ಅಳಿಯಲಿಲ್ಲ. ಕಾವಲುಗಾರರ ಪಾಲಿಗೆ ಇಂಥ ಭಾಗ್ಯ ಅಪರೂಪ. ಏರಿಹೋದವನನ್ನು ಲೋಕ ಕೊಂಡಾಡುತ್ತದೆ. ತಡೆದು ನಿಂತವನನ್ನು ಮರೆತುಬಿಡುತ್ತದೆ.

ಕಾಲ್ಚೆಂಡಾಟದಲ್ಲಿಯೂ ಇದೇ ನ್ಯಾಯ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಮೆರೆಯುತ್ತದೆ. ಗೋಲಿನ ಮುಂದೆ ನಿಂತು ಎದುರಾಳಿಯನ್ನು ತೊಂಬತ್ತು ನಿಮಿಷ ತಡೆದ ಬ್ಯಾಕ್ ಆಟಗಾರ, ಒಮ್ಮೆ ಎಡವಿದರೆ ಮಾತ್ರ ಜನರ ಬಾಯಿಗೆ ಬೀಳುತ್ತಾನೆ. ಆದರೆ ಅವನಿಗೆ ಒಂದು ಅನುಕೂಲವುಂಟು. ಮುಂದಿನ ಸಾಲಿನವನು ಎದುರಾಳಿಯ ಗೋಲಿಗೆ ಬೆನ್ನು ಹಾಕಿ, ಚೆಂಡು ಎಲ್ಲಿಂದ ಬಂದೀತೆಂದು ಕಾಯುತ್ತಿರುವಾಗ, ಹಿಂದಿನ ಸಾಲಿನವನ ಕಣ್ಣೆದುರಿಗೆ ಇಡೀ ಮೈದಾನ ಹರಡಿಕೊಂಡಿರುತ್ತದೆ. ಯಾರು ದಣಿದಿದ್ದಾರೆ, ಯಾರು ತಮ್ಮ ಜಾಗ ಬಿಟ್ಟಿದ್ದಾರೆ, ಅಪಾಯ ಯಾವ ಮೂಲೆಯಿಂದ ಬರುತ್ತಿದೆ ಎಂಬುದು ಮೊದಲು ಕಾಣುವುದು ಅವನಿಗೆ. ಕಂಡದ್ದನ್ನು ಕೂಗಿ ಹೇಳುವುದೂ ಅವನ ಕೆಲಸವೇ. ಹೀಗೆ ಆಡುತ್ತಿರುವಾಗಲೇ ಅವನು ಅರ್ಧ ತರಬೇತುದಾರನಾಗಿರುತ್ತಾನೆ.

ನಮ್ಮ ದೇಶದಲ್ಲಿಯೇ ಇದಕ್ಕೆ ನಿದರ್ಶನಗಳಿವೆ. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ರಕ್ಷಣಾ ಸಾಲಿನಲ್ಲಿದ್ದ ಅರುಣ್ ಘೋಷ್ ಮುಂದೆ ಭಾರತ ತಂಡದ ತರಬೇತುದಾರರಾದರು. 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದ ನಾಯಕ, ಹೈದರಾಬಾದಿನ ಸೈಯದ್ ನಯೀಮುದ್ದೀನ್ ಕೂಡ ಬ್ಯಾಕ್ ಆಟಗಾರರೇ; ಅವರಿಗೆ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ಕರ್ನಾಟಕದ ಚರಿತ್ರೆಯಲ್ಲಿ ಇಂಥವರನ್ನು ಹುಡುಕಿದರೆ, ಇತ್ತೀಚಿನ ಕಾಲದ ಒಂದು ಹೆಸರು ಕಣ್ಣಿಗೆ ಬೀಳುತ್ತದೆ. ಅದು ಕನ್ನಡಿಗನ ಹೆಸರಲ್ಲ. ಇಂಗ್ಲೆಂಡಿನಿಂದ ಬಂದ ಆ್ಯಷ್ಲಿ ವೆಸ್ಟ್‌ವುಡ್ ಅವರದು. ಮೂರು ವರ್ಷ ಬೆಂಗಳೂರಿನಲ್ಲಿದ್ದು ಹೋದ ಆ ಮನುಷ್ಯ ನಮಗೆ ಏನು ಕಲಿಸಿದರು, ಕಲಿತದ್ದರಲ್ಲಿ ನಾವು ಏನನ್ನು ಉಳಿಸಿಕೊಂಡೆವು ಎಂಬ ಪ್ರಶ್ನೆ ವಿಚಾರಯೋಗ್ಯವಾದುದು.

ಹಳೆಯ ವೈಭವ

ಅವರು ಬಂದದ್ದು ಬಂಜರು ನೆಲಕ್ಕಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು. ಕಲಿತು ಕಲಿಸಿದವರನ್ನೇ ಮೀರಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತೀಯರ ತಂಡವೊಂದು ಆ ಕಪ್ಪನ್ನು ಎತ್ತಿದ್ದು ಅದೇ ಮೊದಲು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಾಗ, ಭಾರತದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ಆ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿತ್ತು. ತಂಡದ ಹಲವರು ಬರಿಗಾಲಿನಲ್ಲಿ ಆಡಿದ್ದರು. ಅದೇ ತಂಡದ ಅಹಮದ್ ಖಾನ್, ಧನರಾಜ್ ಮೊದಲಾದವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕೀರ್ತಿಯನ್ನು ಬೆಳೆಸಿದರು. 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಕೆಂಪಯ್ಯನವರಿದ್ದರು.

ಮೈಸೂರು ರಾಜ್ಯದ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ, ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲೆ ದೀರ್ಘ ಬರಗಾಲ. ಒಳ್ಳೆಯ ಆಟಗಾರರು ಹುಟ್ಟುತ್ತಲೇ ಇದ್ದರು. ಹುಟ್ಟಿದವರು ಕಲ್ಕತ್ತೆಗೋ ಗೋವಾಕ್ಕೋ ಹೋಗುತ್ತಿದ್ದರು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳ ತಂಡಗಳು ನೌಕರಿಯ ಆಸರೆ ಕೊಟ್ಟು ಆಟವನ್ನು ಬಹುಕಾಲ ಬದುಕಿಸಿದುವು. ಆದರೆ ಎಚ್.ಎ.ಎಲ್. ತಂಡ 2012ರಲ್ಲಿ ದೇಶದ ಮೇಲ್ದರ್ಜೆಯ ಐ–ಲೀಗಿನಿಂದ ಕೆಳಕ್ಕಿಳಿಯಿತು. ಒಂದು ಕಾಲಕ್ಕೆ ದೇಶಕ್ಕೇ ಆಟಗಾರರನ್ನು ಒದಗಿಸಿದ್ದ ನಗರಕ್ಕೆ, ದೇಶದ ಮುಖ್ಯ ಪಂದ್ಯಾವಳಿಯಲ್ಲಿ ತನ್ನದೆನ್ನುವ ಒಂದು ತಂಡವೂ ಇಲ್ಲದಾಯಿತು. 2013ರಲ್ಲಿ ಜೆ.ಎಸ್.ಡಬ್ಲ್ಯೂ. ಉದ್ಯಮ ಸಮೂಹ ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಸ್ಥಾಪಿಸಿದಾಗ ಇದ್ದ ಪರಿಸ್ಥಿತಿ ಇದು. ಆ ಹೊಸ ತಂಡವನ್ನು ಕಟ್ಟಲು ಬಂದವರು ವೆಸ್ಟ್‌ವುಡ್.

ಅಲೆಮಾರಿ ಬ್ಯಾಕ್

ವೆಸ್ಟ್‌ವುಡ್ ಹುಟ್ಟಿದ್ದು 1976ರಲ್ಲಿ, ಇಂಗ್ಲೆಂಡಿನ ಷ್ರಾಪ್‌ಷೈರಿನ ಬ್ರಿಡ್ಜ್‌ನಾರ್ತ್ ಎಂಬ ಸಣ್ಣ ಊರಿನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ದೊಡ್ಡ ಕ್ಲಬ್ಬಿನಲ್ಲಿ ಎಳೆಯ ವಯಸ್ಸಿನಲ್ಲಿ ಉಮೇದುವಾರರಾಗಿದ್ದರು. ಬೆಕಮ್, ಸ್ಕೋಲ್ಸ್, ನೆವಿಲ್ ಸಹೋದರರು ಬೆಳೆದು ಬಂದ ಕಾಲ ಅದು. ಅಂಥವರ ನಡುವೆ ಮೊದಲ ತಂಡದಲ್ಲಿ ಜಾಗ ಸಿಕ್ಕಲಿಲ್ಲ. ದೊಡ್ಡ ಮನೆಯ ಅಂಗಳದಲ್ಲಿ ಆಡಿ ಬೆಳೆದರೂ ಒಳಮನೆಗೆ ಪ್ರವೇಶವಿಲ್ಲದವನ ಸ್ಥಿತಿ. ಅಲ್ಲಿಂದ ಕ್ರೂ ಅಲೆಕ್ಸಾಂಡ್ರಾ ಎಂಬ ಕೆಳದರ್ಜೆಯ ಕ್ಲಬ್ಬಿಗೆ ಹೋದರು. 1998ರಲ್ಲಿ ಬ್ರ್ಯಾಡ್‌ಫರ್ಡ್ ಸಿಟಿ ಸೇರಿದರು. ಆ ಕ್ಲಬ್ಬು 1922ರಲ್ಲಿ ಇಂಗ್ಲೆಂಡಿನ ಮೇಲ್ದರ್ಜೆಯನ್ನು ಕಳೆದುಕೊಂಡಿತ್ತು. ಅವರು ಸೇರಿದ ಋತುವಿನಲ್ಲಿಯೇ, 1999ರಲ್ಲಿ, ಅದು ಮತ್ತೆ ಅಲ್ಲಿಗೆ ಏರಿತು. ಆದರೆ ಮೇಲ್ದರ್ಜೆಯಲ್ಲಿ ಅವರು ಆಡಿದ ಪಂದ್ಯಗಳು ಬೆರಳೆಣಿಕೆಯವು.

ಮುಂದೆ ಷೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಸ್ವಿಂಡನ್, ಸ್ಟೀವನೇಜ್, ರೆಕ್ಸಮ್ ಎಂದು ಊರಿಂದೂರಿಗೆ ಅಲೆದಾಟ. ದೊಡ್ಡ ಹೆಸರಿನ ಆಟಗಾರ ಒಂದು ಅರಮನೆಯನ್ನು ಬಲ್ಲ; ಅಲೆಮಾರಿ ಆಟಗಾರ ಹತ್ತು ಛತ್ರಗಳನ್ನು ಬಲ್ಲ. ಹಣವಿಲ್ಲದ ಕ್ಲಬ್ಬು ಹೇಗೆ ನಡೆಯುತ್ತದೆ, ಸಾಧಾರಣ ಆಟಗಾರರನ್ನು ಹೊಂದಿಸಿ ಪಂದ್ಯ ಗೆಲ್ಲುವುದು ಹೇಗೆ, ಗಾಯಗೊಂಡವನು ಹೇಗೆ ಚೇತರಿಸಿಕೊಳ್ಳಬೇಕು ಎಂಬುದೆಲ್ಲ ಅವರಿಗೆ ಅನುಭವದಿಂದ ಬಂದ ವಿದ್ಯೆ. ಬೂಟು ಕಳಚಿದ ಮೇಲೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಬರ್ನ್ ಮೊದಲಾದ ಕ್ಲಬ್ಬುಗಳಲ್ಲಿ ಮೈಕೆಲ್ ಆ್ಯಪಲ್ಟನ್ ಎಂಬ ವ್ಯವಸ್ಥಾಪಕರ ಕೈಕೆಳಗೆ ಸಹಾಯಕರಾಗಿ ದುಡಿದರು. 2013ರ ಬೇಸಗೆಯಲ್ಲಿ ಬೆಂಗಳೂರಿಗೆ ಬಂದಾಗ ಅವರಿಗೆ ಇನ್ನೂ ಮೂವತ್ತೇಳು ತುಂಬಿರಲಿಲ್ಲ. ಮುಖ್ಯ ತರಬೇತುದಾರನೆಂಬ ಪೂರ್ಣ ಹೊಣೆ ಹೊತ್ತದ್ದು ಅದೇ ಮೊದಲು.

ಸಾಲು ಕಟ್ಟುವ ವಿದ್ಯೆ

ಬ್ಯಾಕ್ ಆಟಗಾರನ ವಿದ್ಯೆ ಎಂದರೆ ಏನು? ಚೆಂಡನ್ನು ದೂರಕ್ಕೆ ಒದೆಯುವುದು ಎಂದು ತಿಳಿದವರೇ ಬಹಳ. ಆದರೆ ಒದೆಯುವ ಪ್ರಮೇಯವೇ ಬಾರದಂತೆ ಮಾಡುವುದು ಅದರ ತಿರುಳು. ನಾಲ್ವರು ಬ್ಯಾಕ್‌ಗಳು ಒಂದು ಸಾಲಿನಲ್ಲಿ ನಿಲ್ಲುತ್ತಾರೆ. ಚೆಂಡು ಎಡಕ್ಕೆ ಹೋದರೆ ಇಡೀ ಸಾಲು ಎಡಕ್ಕೆ ಸರಿಯಬೇಕು. ಒಬ್ಬ ಚೆಂಡಿನ ಮೇಲೆ ಹೋದರೆ ಪಕ್ಕದವನು ಅವನ ಬೆನ್ನಿಗೆ ಬರಬೇಕು. ಎದುರಾಳಿಯನ್ನು ಆಫ್‌ಸೈಡಿನಲ್ಲಿ ಸಿಕ್ಕಿಸಬೇಕಾದರೆ ನಾಲ್ವರೂ ಒಂದೇ ಕ್ಷಣದಲ್ಲಿ ಮುಂದೆ ಹೆಜ್ಜೆಯಿಡಬೇಕು. ಒಬ್ಬನ ಕಾಲು ತಡವಾದರೂ ಉಪಾಯವೇ ಅಪಾಯವಾಗುತ್ತದೆ. ಇದರಲ್ಲಿ ಒಬ್ಬೊಬ್ಬರ ಚಾತುರ್ಯಕ್ಕಿಂತ ನಾಲ್ವರ ಹೊಂದಾಣಿಕೆ ದೊಡ್ಡದು. ನಾಟಕದಲ್ಲಿ ಹಾರ್ಮೋನಿಯಂ ಮತ್ತು ತಬಲೆ ಶ್ರುತಿ ತಾಳ ತಪ್ಪದಿದ್ದರೆ ಪ್ರೇಕ್ಷಕರು ಅವನ್ನು ಗಮನಿಸುವುದೇ ಇಲ್ಲ, ಇದೂ ಹಾಗೆಯೇ.

ವೆಸ್ಟ್‌ವುಡ್ ತಮ್ಮ ತಂಡವನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿದರು. ಇಂಗ್ಲೆಂಡಿನಲ್ಲಿ ಬೆಳೆದ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಇಬ್ಬರನ್ನೂ ನಡುವೆ ನಿಲ್ಲಿಸಿದರು. ವಿದೇಶಿ ಆಟಗಾರರಿಗೆ ಇದ್ದ ಕೆಲವೇ ಸ್ಥಾನಗಳನ್ನು ಇತರ ಕ್ಲಬ್ಬುಗಳು ಹೆಚ್ಚಾಗಿ ಗೋಲು ಹೊಡೆಯುವವರಿಗೆ ಮೀಸಲಿಡುತ್ತಿದ್ದ ಕಾಲದಲ್ಲಿ, ಎರಡನ್ನು ಗೋಲು ತಡೆಯುವವರಿಗೆ ಕೊಟ್ಟದ್ದು ಬ್ಯಾಕ್ ಆಟಗಾರನ ಬುದ್ಧಿಯೇ ಸರಿ. ಮುಂದಿನ ಸಾಲಿನಲ್ಲಿ ನಾಯಕ ಸುನಿಲ್ ಛೇತ್ರಿ ಇದ್ದರು. ಮೈದಾನದ ಹೊರಗೂ ಶಿಸ್ತು ಬಂತು. ಏನು ಉಣ್ಣಬೇಕು, ಎಷ್ಟು ಹೊತ್ತು ಮಲಗಬೇಕು, ದೇಹವನ್ನು ಹೇಗಿಟ್ಟುಕೊಳ್ಳಬೇಕು ಎಂಬುದೂ ಅಭ್ಯಾಸದ ಭಾಗವಾಯಿತು. ನಮ್ಮಲ್ಲಿ ಆಟವನ್ನು ಸಂಜೆಯ ಎರಡು ಗಂಟೆಗಳ ಕೆಲಸವೆಂದು ಎಣಿಸುವ ರೂಢಿಯುಂಟು. ವೃತ್ತಿಯಾಗಿ ಆಡುವವನಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಆಟವೇ ಎಂಬ ಪಾಠ ಅವರು ಕೊಟ್ಟ ಮೊದಲ ಪಾಠ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆಯಿತು. ಎದುರಾಳಿ, ಶತಮಾನ ದಾಟಿದ ಮೋಹನ್ ಬಾಗಾನ್. ಪಂದ್ಯ 1–1ರಲ್ಲಿ ಸಮವಾಯಿತು. ಪಡುಗಡೆಯ ಮೆಟ್ಟಿಲುಗಳಲ್ಲಿ ನೆರೆದ ಯುವಕರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ತಮ್ಮ ಗುಂಪಿಗೆ ಹೆಸರಿಟ್ಟುಕೊಂಡು, ಪಂದ್ಯದುದ್ದಕ್ಕೂ ನಿಂತು ಹಾಡುವ ಪದ್ಧತಿಯನ್ನು ಆರಂಭಿಸಿದರು. ಏಳು ತಿಂಗಳ ತರುವಾಯ, 2014ರ ಏಪ್ರಿಲ್ 21ರಂದು, ಗೋವೆಯ ಮಡಗಾಂವಿನ ಫಟೋರ್ಡಾ ಕ್ರೀಡಾಂಗಣದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಇನ್ನೂ ಒಂದು ಪಂದ್ಯ ಬಾಕಿಯಿರುವಾಗಲೇ ಬೆಂಗಳೂರು ಐ–ಲೀಗ್ ಗೆದ್ದುಕೊಂಡಿತು. ಹುಟ್ಟಿದ ವರ್ಷವೇ ದೇಶದ ಚಾಂಪಿಯನ್ ಪಟ್ಟ!

ಇಬ್ಬರು ಬ್ಯಾಕ್‌ಗಳು ತೀರ್ಮಾನಿಸಿದ ಪಂದ್ಯ

ಮರುವರ್ಷ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂತು. 2015ರ ಜನವರಿಯಲ್ಲಿ ಮತ್ತೆ ಡೆಂಪೊ ತಂಡವನ್ನೇ 2–1ರಿಂದ ಮಣಿಸಿ ಫೆಡರೇಷನ್ ಕಪ್ ಗೆದ್ದಿತು. ಆದರೆ ಆ ಋತುವಿನ ನೆನಪಾಗಿ ಉಳಿದುದು ಗೆಲವಲ್ಲ. ಮೇ 31ರಂದು ಕಂಠೀರವದಲ್ಲಿ ನಡೆದ ಐ–ಲೀಗಿನ ಕಡೆಯ ಪಂದ್ಯ.

ಎದುರಿಗೆ ಮತ್ತೆ ಮೋಹನ್ ಬಾಗಾನ್. ಪಟ್ಟಕ್ಕೇರಲು ಬೆಂಗಳೂರಿಗೆ ಗೆಲವೇ ಬೇಕು. ಬಾಗಾನ್‌ಗೆ ಸಮಬಲ ಸಾಕು. ಮೊದಲ ಅರ್ಧದಲ್ಲಿ ಜಾನ್ ಜಾನ್ಸನ್ ತಲೆಯಿಂದ ಚೆಂಡನ್ನು ಗೋಲಿಗಟ್ಟಿದರು. ಬ್ಯಾಕ್ ಆಟಗಾರನ ಗೋಲಿನಿಂದ ಬ್ಯಾಕ್ ಆಟಗಾರನ ತಂಡ ಪಟ್ಟಕ್ಕೆ ಹತ್ತಿರವಾಯಿತು. ಗೋಲು ಕಾದುಕೊಂಡರೆ ಸಾಕು. ಅದೇ ತಾನೆ ಅವರ ಗುರು ಜೀವಮಾನವೆಲ್ಲ ಕಲಿತ ವಿದ್ಯೆ! ಎಂಬತ್ತೇಳನೆಯ ನಿಮಿಷದವರೆಗೂ ಕೋಟೆ ಗಟ್ಟಿಯಾಗಿ ನಿಂತಿತು. ಆಗ ಬಾಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು. ಮೂಲೆಯಿಂದ ಹಾರಿಬಂದ ಚೆಂಡಿಗೆ ತಲೆಕೊಟ್ಟು ಗೋಲಿನೊಳಕ್ಕೆ ತೂರಿದವರು ನೈಜೀರಿಯದ ಬೆಲ್ಲೊ ರಜಾಕ್. ಅವರೂ ಬ್ಯಾಕ್ ಆಟಗಾರರೇ. ಹದಿಮೂರು ವರ್ಷಗಳ ಮೇಲೆ ಲೀಗ್ ಪಟ್ಟ ಕಲ್ಕತ್ತೆಯ ಹಳೆಯ ಕ್ಲಬ್ಬಿಗೆ ಮರಳಿತು. ಕೇವಲ ಮೂರು ನಿಮಿಷಗಳ ಅಂತರದಲ್ಲಿ ವರ್ಷದ ದುಡಿಮೆ ಜಾರಿಹೋಯಿತು. ಕಿಂಡಿ ಎಷ್ಟು ಕಿರಿದಾಗಿದ್ದರೂ ಕಾವಲಿಗೆ ಬಿಡುವಿಲ್ಲವೆಂಬ ಮಾತು ಅಂದು ಹಲವರಿಗೆ ಅರ್ಥವಾಗಿರಬೇಕು.

ಒಂದು ಸೋಲಿನಿಂದ ಚದುರುವ ತಂಡಗಳುಂಟು. ಇದು ಚದುರಲಿಲ್ಲ. 2016ರ ಏಪ್ರಿಲಿನಲ್ಲಿ ಅದೇ ಕಂಠೀರವದಲ್ಲಿ ಸಾಳಗಾಂವಕರ್ ತಂಡವನ್ನು 2–0ರಿಂದ ಸೋಲಿಸಿ ಬೆಂಗಳೂರು ಮತ್ತೊಮ್ಮೆ ಐ–ಲೀಗ್ ಗೆದ್ದಿತು. ಮುಂದಿನ ತಿಂಗಳು ಎ.ಎಫ್.ಸಿ. ಕಪ್ಪಿನಲ್ಲಿ ಹಾಂಗ್‌ಕಾಂಗಿನ ಕಿಚಿ ತಂಡವನ್ನು ಅದರ ನೆಲದಲ್ಲಿಯೇ 3–2ರಿಂದ ಸೋಲಿಸಿತು. ಅದರ ಬೆನ್ನಿಗೇ ವೆಸ್ಟ್‌ವುಡ್ ಬೆಂಗಳೂರನ್ನು ಬಿಟ್ಟರು. ಮೂರು ಋತು, ಎರಡು ಲೀಗ್ ಪಟ್ಟ, ಒಂದು ಫೆಡರೇಷನ್ ಕಪ್. ಈ ಲೆಕ್ಕ ಯಾರಿಗಾದರೂ ಹೆಮ್ಮೆಯದೇ.

ಅವರು ಬಿತ್ತಿಹೋದ ಪೈರನ್ನು ಮುಂದೆ ಬಂದವರು ಕೊಯ್ದರು. ಬಾರ್ಸೆಲೋನದಲ್ಲಿ ಸಹಾಯಕ ತರಬೇತುದಾರರಾಗಿದ್ದ ಆಲ್ಬರ್ಟ್ ರೋಕಾ ಅದೇ ವರ್ಷ ತಂಡವನ್ನು ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಒಯ್ದರು. ಭಾರತದ ಕ್ಲಬ್ಬೊಂದು ಅಲ್ಲಿಗೆ ತಲಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0–1ರಿಂದ ಸೋಲಾಯಿತು. ಬಳಿಕ ತಂಡ ಇಂಡಿಯನ್ ಸೂಪರ್ ಲೀಗ್ ಸೇರಿತು. 2019ರ ಮಾರ್ಚಿನಲ್ಲಿ ಅದನ್ನು ಗೆದ್ದಾಗ ತರಬೇತುದಾರರಾಗಿದ್ದವರು ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್. ಆಡುವ ದಿನಗಳಲ್ಲಿ ಅವರೂ ಎಡ ಬ್ಯಾಕ್. ಎಫ್.ಸಿ. ಗೋವಾ ವಿರುದ್ಧ ಹೆಚ್ಚಿನ ಅವಧಿಯಲ್ಲಿ ಗೆಲವಿನ ಗೋಲನ್ನು ಹೊಡೆದವರು ರಾಹುಲ್ ಭೇಕೆ; ಅವರೂ ಬ್ಯಾಕ್. ಈ ಕ್ಲಬ್ಬಿನ ಜಾತಕದಲ್ಲಿಯೇ ಬ್ಯಾಕ್ ಆಟಗಾರರ ಗ್ರಹಬಲ ಬಲವಾಗಿದೆಯೆಂದು ನಗೆಯಾಡಬಹುದು.

ಗುರು ಎದುರಾಳಿಯಾದ ದಿನ

ವೆಸ್ಟ್‌ವುಡ್ ಮುಂದೆ ಮಲೇಷ್ಯಾದ ಪೆನಾಂಗ್, ಕಲ್ಕತ್ತೆಯ ಎ.ಟಿ.ಕೆ., ಪಂಜಾಬ್ ಎಂದು ಮತ್ತೆ ಊರೂರು ತಿರುಗಿದರು. ಆಟಗಾರನಾಗಿದ್ದಾಗಿನ ಅಲೆಮಾರಿತನ ಗುರುವಾದ ಮೇಲೂ ಬಿಡಲಿಲ್ಲ. 2023ರ ನವೆಂಬರಿನಲ್ಲಿ ಆಫ್ಘಾನಿಸ್ತಾನದ ರಾಷ್ಟ್ರೀಯ ತಂಡದ ಹೊಣೆ ಅವರಿಗೆ ಬಂತು. ಆ ತಂಡದ ಪಾಡು ಮರುಕ ಹುಟ್ಟಿಸುವಂಥದು. ಸ್ವದೇಶದಲ್ಲಿ ಆಡುವ ಹಾಗಿಲ್ಲ. ಸಂಸ್ಥೆಯೊಡನೆ ಮನಸ್ತಾಪದಿಂದ ಹಲವು ಪ್ರಮುಖ ಆಟಗಾರರು ಆಡಲೊಲ್ಲೆವೆಂದಿದ್ದರು. ಉಳಿದವರನ್ನು ಕೂಡಿಸಿಕೊಂಡು ಅವರು 2024ರ ಮಾರ್ಚಿನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತವನ್ನು ಎದುರಿಸಿದರು. ಭಾರತದ ವಿಶ್ವ ಶ್ರೇಯಾಂಕ 117, ಆಫ್ಘಾನಿಸ್ತಾನದ್ದು 158. ಸೌದಿ ಅರೇಬಿಯದ ಅಬಾ ನಗರದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಭಾರತ ಒಂದು ಗೋಲನ್ನೂ ಹೊಡೆಯಲಾರದೆ ಹೋಯಿತು, ಪಂದ್ಯ 0–0.

ಐದು ದಿನಗಳ ಬಳಿಕ, ಮಾರ್ಚ್ 26ರಂದು, ಗುವಾಹಟಿಯಲ್ಲಿ ಎರಡನೆಯ ಪಂದ್ಯ. ಅದು ಸುನಿಲ್ ಛೇತ್ರಿಯವರ 150ನೆಯ ಅಂತರರಾಷ್ಟ್ರೀಯ ಪಂದ್ಯ. ಅವರೇ ಪೆನಾಲ್ಟಿಯಿಂದ ಮೊದಲ ಗೋಲು ಹೊಡೆದರು. ಅದು ಅವರ 94ನೆಯ ಗೋಲು. ಆದರೆ ಎಪ್ಪತ್ತನೆಯ ನಿಮಿಷದಲ್ಲಿ ಆಫ್ಘನ್ನರು ಸಮಮಾಡಿದರು. ಪಂದ್ಯ ಮುಗಿಯಲು ಎರಡು ನಿಮಿಷವಿದ್ದಾಗ ಪೆನಾಲ್ಟಿಯಿಂದ ಗೆದ್ದರು. ಬೆಂಗಳೂರಿನಲ್ಲಿ ಮೂರು ವರ್ಷ ಗುರು ಮತ್ತು ನಾಯಕರಾಗಿ ಒಂದೇ ಬೆಂಚಿನಲ್ಲಿ ಕುಳಿತವರು ಅಂದು ಎದುರುಬದುರಾಗಿದ್ದರು. ದ್ರೋಣ–ಅರ್ಜುನರ ಯುದ್ಧ ನಮ್ಮ ಜನಕ್ಕೆ ಹೊಸತಲ್ಲ. ಆದರೆ ಇಲ್ಲಿ ಗೆದ್ದವರು ದ್ರೋಣರು.

2024ರಲ್ಲಿ ಹಾಂಗ್‌ಕಾಂಗ್ ತಂಡ ಅವರನ್ನು ಕರೆಯಿತು. 2022ರಲ್ಲಿ ಕಲ್ಕತ್ತೆಯಲ್ಲಿ ಭಾರತ 4–0ರಿಂದ ಸೋಲಿಸಿದ್ದ ತಂಡ ಅದು. 2025ರ ಜೂನ್ 10ರಂದು ಹಾಂಗ್‌ಕಾಂಗಿನ ಕೈ ತಕ್ ಕ್ರೀಡಾಂಗಣದಲ್ಲಿ, ಏಷ್ಯಾ ಕಪ್ಪಿನ ಅರ್ಹತಾ ಪಂದ್ಯದಲ್ಲಿ, ಅದೇ ಹಾಂಗ್‌ಕಾಂಗ್ ಭಾರತವನ್ನು 1–0ರಿಂದ ಸೋಲಿಸಿತು. ಗೋಲು ಬಂದದ್ದು ಆಟದ ಪೂರ್ಣ ಅವಧಿ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ, ಪೆನಾಲ್ಟಿಯಿಂದ. ಅಕ್ಟೋಬರಿನಲ್ಲಿ ಸಿಂಗಪುರಕ್ಕೂ ಸೋತು ಭಾರತ 2027ರ ಏಷ್ಯಾ ಕಪ್ಪಿನ ಹಾದಿಯಿಂದ ಹೊರಬಿದ್ದಿತು. ಹಾಂಗ್‌ಕಾಂಗಿಗೂ ಕಡೆಗೆ ಅರ್ಹತೆ ಸಿಕ್ಕಲಿಲ್ಲವೆಂಬುದು ಬೇರೆ ಮಾತು. ಮೂರು ಪಂದ್ಯಗಳಲ್ಲಿ ವೆಸ್ಟ್‌ವುಡ್ ಭಾರತದ ಎದುರು ಪ್ರಯೋಗಿಸಿದ ಅಸ್ತ್ರ ಹೊಸತೇನಲ್ಲ. ಸಾಲು ಒಡೆಯದೆ ನಿಲ್ಲು, ತಾಳ್ಮೆಗೆಡಬೇಡ, ಎದುರಾಳಿ ತಪ್ಪುವವರೆಗೆ ಕಾಯಿ. ಹಿಂದೆ ಬೆಂಗಳೂರಿನ ಹುಡುಗರಿಗೆ ಹೇಳಿಕೊಟ್ಟ ಪಾಠವೂ ಇದೇ.

ಉಳಿದದ್ದೇನು?

ಇಲ್ಲಿ ಒಂದು ಕಹಿಯಾದ ಮಾತನ್ನು ಆಡದೆ ವಿಧಿಯಿಲ್ಲ. ಗುರು ಬಂದಾಗ ಗೆದ್ದೆವು. ಹೋದ ಮೇಲೆ ಆ ವಿದ್ಯೆಯೇ ನಮ್ಮ ಮೇಲೆ ತಿರುಗಿತು. ಇದರಲ್ಲಿ ಗುರುವಿನ ದ್ರೋಹವೇನೂ ಇಲ್ಲ. ತರಬೇತುದಾರನದು ಕೂಲಿಯ ವೃತ್ತಿ. ಕರೆದ ಮನೆಯಲ್ಲಿ ಒಲೆ ಹೂಡಿ ಅಡಿಗೆ ಮಾಡುವ ಬಾಣಸಿಗನಂತೆ. ಅಡಿಗೆಯನ್ನು ಉಂಡು ಹೊಗಳಿದ ನಾವು, ಪಾಕವನ್ನು ಕಲಿತೆವೆ ಎಂಬುದು ಪ್ರಶ್ನೆ. ಚಾಂಪಿಯನ್ ಪಟ್ಟ ಗೆದ್ದ ಆ ಬೆಂಗಳೂರು ತಂಡದಲ್ಲಿ ಈಶಾನ್ಯ ರಾಜ್ಯಗಳ, ಕೇರಳದ, ಪಂಜಾಬಿನ ಹುಡುಗರಿದ್ದರು. ಶಂಕರ್ ಸಂಪಂಗಿರಾಜ್ ಅವರಂಥ ಸ್ಥಳೀಯರು ಕೆಲವರೇ. ಊರಿನ ಹೆಸರು ಹೊತ್ತ ತಂಡದಲ್ಲಿ ಊರಿನವರು ವಿರಳವಾಗಿರುವುದು ಇಂದಿನ ವೃತ್ತಿಪರ ಆಟದ ಸ್ವಭಾವ. ಅದಕ್ಕೆ ಒಬ್ಬ ಕ್ಲಬ್ಬನ್ನೋ ಒಬ್ಬ ತರಬೇತುದಾರನನ್ನೋ ದೂರಿ ಫಲವಿಲ್ಲ.

ಇನ್ನೊಂದು ಮಗ್ಗುಲೂ ಇದೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. 1968–69ರ ಮೈಸೂರು ತಂಡದ ಗೆಲವನ್ನು ಕೇಳಿ ಮಾತ್ರ ಬಲ್ಲ ತಲೆಮಾರಿಗೆ ಅದು ಕಣ್ಣಾರೆ ಕಾಣುವ ಸೌಭಾಗ್ಯ. ಈ ಗೆಲವಿಗೂ ವೆಸ್ಟ್‌ವುಡ್ ಅವರಿಗೂ ನೇರವಾದ ನಂಟನ್ನು ಕಟ್ಟುವುದು ಸರಿಯಾಗಲಾರದು. ಆದರೆ ಹಲವು ವರ್ಷ ಕಂಠೀರವದ ಮೆಟ್ಟಿಲುಗಳು ತುಂಬಿದ್ದುವು. ಆಟವನ್ನು ವೃತ್ತಿಯೆಂದು ನಂಬಬಹುದಾದ ಗಾಳಿ ಬೀಸಿತ್ತು. ಆ ಗಾಳಿಗೆ ಯಾವ ಬೀಜ ಎಲ್ಲಿ ಬಿದ್ದು ಮೊಳೆಯಿತೆಂದು ಹೇಳಬಲ್ಲವರು ಯಾರು?

ಹಿರಿಯೂರಿನ ಬಳಿ, ಮಾರಿಕಣಿವೆಯಲ್ಲಿ, ವೇದಾವತಿಗೆ ಕಟ್ಟಿದ ಅಣೆಕಟ್ಟನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿ ಮುಗಿಸಿದ ಆ ಕಟ್ಟೆಯ ಹಿನ್ನೀರು ಹೊಸದುರ್ಗದ ಸೀಮೆಯವರೆಗೂ ಹರಡುತ್ತದೆ. ಮಳೆ ಅಲ್ಲಿ ಯಾವಾಗಲೂ ಬಡತನದ್ದೇ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಆದರೂ ಬಿದ್ದಷ್ಟು ನೀರನ್ನು ಅದು ಹಿಡಿದಿಟ್ಟಿತು. ಹಿಡಿದಿಟ್ಟದ್ದರಿಂದ ತೋಟಗಳು ಬದುಕಿದುವು. ವಿದ್ಯೆಗೂ ಇಂಥ ಕಟ್ಟೆ ಬೇಕು. ದೂರದಿಂದ ಬಂದ ಗುರು ಮಳೆಯಂತೆ. ಒಂದೆರಡು ವರ್ಷ ಸುರಿದು ಹೋಗುತ್ತಾನೆ. ಅವನ ಬಳಿ ನಿಂತು ಕಲಿತ ನಮ್ಮವರು, ಬೂಟು ಕಳಚಿದ ಮೇಲೆ ಜಿಲ್ಲೆಗಳಿಗೆ ಹೋಗಿ ಕಲಿಸಿದರೆ ಮಾತ್ರ ಅದು ನೆಲಕ್ಕೆ ಇಳಿದೀತು.

ಅಂಥವರಲ್ಲಿ ಬ್ಯಾಕ್ ಆಟಗಾರರು ಹೆಚ್ಚಾಗಿರಲೆಂದು ಹಾರೈಸಬೇಕು. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಶಾಲೆಯ ಮೈದಾನದಲ್ಲಿ ಚೆಂಡಾಡುವ ಹುಡುಗರನ್ನು ‘ಯಾವ ಜಾಗದಲ್ಲಿ ಆಡುತ್ತೀಯೋ?’ ಎಂದು ಕೇಳಿದರೆ, ಹತ್ತರಲ್ಲಿ ಒಂಬತ್ತು ಜನ ಮುಂದಿನ ಸಾಲನ್ನೇ ತೋರಿಸಿಯಾರು. ಹಿಂದೆ ನಿಲ್ಲಲು ಒಪ್ಪುವ ಹತ್ತನೆಯವನನ್ನು ಕಂಡರೆ ಅವನ ಬೆನ್ನು ತಟ್ಟಬೇಕು. ಅವನು ಇಡೀ ಆಟವನ್ನು ನೋಡುತ್ತಿದ್ದಾನೆ.